ಯುವಕ ಸಂಘಕ್ಕೊಂದು ಗರಡಿ ಮನೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಯುವಕ ಸಂಘದವರು ಹುಡುಗರಿಗೆ ಆತ್ಮರಕ್ಷಣೆ ಕಲಿಸೋಣವೆಂದರೆ ಮೊದಲು ಬಾಯಿಗೆ ಬರುವುದು ಕರಾಟೆ. ಅದೂ ಒಳ್ಳೆಯ ವಿದ್ಯೆಯೇ. ಆದರೆ ಈ ಸೀಮೆಗೆ ತನ್ನದೇ ಮಲ್ಲವಿದ್ಯೆ ಇದೆ, ಕಲಿಸಲು ಗರಡಿ ಮನೆಯ ಪದ್ಧತಿ ಇದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲೇ ಮಲ್ಲರ ದರ್ಜೆ, ಊಟ, ಸಾಮುಗಳ ವಿವರವಿದೆ. ಸಂಘಗಳು ಗರಡಿಯಿಂದಲೇ ಶುರು ಮಾಡುವುದು ಲೇಸು.

ಗರಡಿಯ ಜೀವಾಳ ಅದರ ಮಣ್ಣು. ನರಗುಂದ, ರೋಣದ ಎರಿ ಮಣ್ಣು ಕಡಲೆ, ಜೋಳ, ಹತ್ತಿಗೆ ಬಂಗಾರ, ಕುಸ್ತಿಗೆ ಆಗಿಬರದು. ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಹೆಂಟೆಗಟ್ಟಿ ಮೈ ತರಚುತ್ತದೆ. ಅದಕ್ಕೇ ಕೆಂಪು ಮಸಾರಿ ಮಣ್ಣು ತರಿಸಿ, ಸಾಣಿಸಿ, ಹರಳು ಆರಿಸಿ, ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಸಡಿಲಿಸಿದರೆ ಉದುರಬೇಕು. ದಿನಾ ನಸುಕಿನಲ್ಲಿ ಹುಡುಗರೇ ಸಲಿಕೆ ಹಿಡಿದು ಅದನ್ನು ಅಗೆದು ಸಮ ಮಾಡುತ್ತಾರೆ. ಅರ್ಧ ಸಾಮು ಅಲ್ಲೇ ಮುಗಿಯುತ್ತದೆ. ಆಮೇಲೆ ಹನುಮಪ್ಪನಿಗೆ ಕೈಮುಗಿದು ದಂಡ, ಬೈಠಕ್, ಗುಂಡುಕಲ್ಲು. ಕೊನೆಗೆ ಜೋಡಿ ಕಟ್ಟಿ ಪಟ್ಟಿನ ಅಭ್ಯಾಸ. ಹೊಸಬರು ಮೊದಲು ಪೆಟ್ಟಾಗದಂತೆ ಬೀಳುವುದನ್ನು ಕಲಿಯಬೇಕು.

ಮಣ್ಣಿನಲ್ಲಿ ಪಳಗಿದವರು ಜಗತ್ತನ್ನೂ ಗೆಲ್ಲಬಲ್ಲರು. ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಅದು ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ಇಂದಿನ ಸ್ಪರ್ಧೆಗಳು ಮ್ಯಾಟ್ ಮೇಲೆ ನಡೆಯುತ್ತವೆ: 9 ಮೀಟರ್ ವ್ಯಾಸದ ವೃತ್ತ, 3 ನಿಮಿಷಗಳ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು; ಮ್ಯಾಟ್ ಮೇಲೆ ಪ್ರತಿ ಪಟ್ಟಿಗೂ ಅಂಕದ ಲೆಕ್ಕ. ಮಣ್ಣಿನಲ್ಲಿ ಮೈ ಹುರಿಗಟ್ಟಿದ ಮೇಲೆ ಮಕ್ಕಳಿಗೆ ವಾರಕ್ಕೆರಡು ದಿನವಾದರೂ ಮ್ಯಾಟ್ ಅಭ್ಯಾಸ ಸಿಗಬೇಕು.

ಹಳೆಯ ಗರಡಿಗಳು ಹೆಣ್ಣುಮಕ್ಕಳನ್ನು ಹೊರಗಿಟ್ಟವು. ಹೊಸದಾಗಿ ಶುರು ಮಾಡುವವರು ಆ ಕಟ್ಟಳೆ ಮುರಿಯಲೇಬೇಕು. ಗಜೇಂದ್ರಗಡಕ್ಕೆ ಹತ್ತಿರದ ಸೂಡಿಯ ಶಾಸನಗಳು ಹೊಗಳುವ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಮಹಿಳಾ ಕುಸ್ತಿ 2004ರಲ್ಲಿ ಒಲಿಂಪಿಕ್ಸ್ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಗದಗ ಜಿಲ್ಲೆಯ ಹುಡುಗಿಯರೂ ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. ಅವರಿಗೆ ಬೇರೆ ಹೊತ್ತು, ಬಟ್ಟೆ ಬದಲಿಸಲು ಕೋಣೆ, ಕಲಿಸಲು ಮಹಿಳಾ ತರಬೇತುದಾರರು ಇದ್ದರೆ ಪಾಲಕರು ನಂಬಿ ಕಳಿಸುತ್ತಾರೆ.

ಸಂಘದ ಮುಂದಿರುವ ಕೆಲಸ ಕಷ್ಟದ್ದೇನಲ್ಲ. ಊರಿನ ಹಿರಿಯ ಪೈಲ್ವಾನರನ್ನು ಉಸ್ತಾದರಾಗಿ ಕರೆತರಬೇಕು. ಸೇರುವ ಮುನ್ನ ವೈದ್ಯರ ತಪಾಸಣೆ, ಪಾಲಕರ ಒಪ್ಪಿಗೆ ಬೇಕು. ವಯಸ್ಸು, ತೂಕ ನೋಡಿಯೇ ಜೋಡಿ ಕಟ್ಟಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೈಗೆಟುಕುವಲ್ಲಿರಬೇಕು. ಗುಟ್ಕಾ, ಸೆರೆ ಮುಟ್ಟಿದವರಿಗೆ ಗರಡಿಯಲ್ಲಿ ಜಾಗವಿಲ್ಲ ಎಂಬ ಹಳೆಯ ನೇಮವನ್ನು ಮಾತ್ರ ಎಳ್ಳಷ್ಟೂ ಸಡಿಲಿಸಬಾರದು. ಪದಕ ಎಲ್ಲರಿಗೂ ಸಿಗಲಾರದು. ಆದರೆ ಆ ನೇಮ ಪಾಲಿಸಿ ಬೆಳೆದ ಮಕ್ಕಳು ಮನೆಗೂ ಊರಿಗೂ ಆಸರೆಯಾಗುತ್ತಾರೆ.