ಕಾರು ತಗ್ಗಿದಾಗ ಹೊಣೆ ಯಾರದು?

ನೆಲಕ್ಕೆ ತಾಗುವಂತೆ ತಗ್ಗಿಸಿದ ಕಾರುಗಳು ಕಾಸರಗೋಡಿನ ರಸ್ತೆಗಳಲ್ಲಿ ಈಗ ಅಪರೂಪವಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಂಥ ಚುರುಕಿನ ಕಾರು ಮನೆಗೆ ಬಂದೊಡನೆ ಮಗನಿಗೆ ತಗ್ಗುವ ಸ್ಪ್ರಿಂಗಿನ ಆಸೆ ಹುಟ್ಟುತ್ತದೆ. ನೋಂದಣಿ ಪತ್ರದಲ್ಲಿ ಮಾತ್ರ ತಂದೆಯ ಹೆಸರಿರುತ್ತದೆ. ಆದುದರಿಂದ ಇದು ಮನೆಮಂದಿಯೆಲ್ಲ ತಿಳಿಯಬೇಕಾದ ವಿಷಯ.

ತಗ್ಗಿಸುವುದರಿಂದ ಪ್ರಯೋಜನವಿಲ್ಲವೆಂದಲ್ಲ. ಗುರುತ್ವಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಭಾರವು ಹೊರಬದಿಯ ಚಕ್ರಗಳಿಗೆ ವಾಲುವುದು ಕಡಿಮೆಯಾಗುತ್ತದೆ. ಆದರೆ ಸ್ಪ್ರಿಂಗಿನ ಆಯ್ಕೆ ಶಾಲಾ ಭೌತಶಾಸ್ತ್ರದ ಲೆಕ್ಕವೇ ಆಗಿದೆ. ಸ್ಪ್ರಿಂಗ್ ಹೀರುವ ಶಕ್ತಿಯು ಅದರ ಬಿಗಿತವನ್ನು ಕುಗ್ಗಿದ ದೂರದ ವರ್ಗದಿಂದ ಗುಣಿಸಿದುದರ ಅರ್ಧ. ನಿಂತ ಕಾರಿನ ಚಕ್ರಕ್ಕೆ ಮೇಲೇರಲು 80 ಮಿ.ಮೀ. ಅವಕಾಶವಿದೆಯೆಂದು ಭಾವಿಸೋಣ. 20 ಮಿ.ಮೀ. ತಗ್ಗಿಸಿದರೆ ಉಳಿಯುವುದು 60. ಅದೇ ಏಟನ್ನು ತಾಳಲು ಬಿಗಿತ ಸುಮಾರು 1.8 ಪಟ್ಟಾಗಬೇಕು, 40 ಮಿ.ಮೀ. ತಗ್ಗಿಸಿದರೆ 4 ಪಟ್ಟು! ಅಷ್ಟು ಬಿಗಿಯಾದ ಸ್ಪ್ರಿಂಗಿನ ಪುಟಿತವನ್ನು ಮೂಲ ಶಾಕ್ ಅಬ್ಸಾರ್ಬರ್ ತಡೆಯಲಾರದು. ಬಿಗಿತ ಸಾಲದಿದ್ದರೆ ಹಂಪು, ಹೊಂಡಗಳಲ್ಲಿ ಬಂಪ್ ಸ್ಟಾಪಿಗೆ ಬಡಿತ ತಪ್ಪದು. ಆದಕಾರಣ ಅಲ್ಪ ಪ್ರಮಾಣದಲ್ಲಿ ತಗ್ಗಿಸುವ, ಆ ಮಾದರಿಗೆಂದೇ ತಯಾರಾದ ಸ್ಪ್ರಿಂಗನ್ನು ತಕ್ಕ ಶಾಕ್‌ನೊಡನೆ ಕೊಳ್ಳುವುದು ವಿವೇಕ. ಮೂಲ ಸ್ಪ್ರಿಂಗನ್ನು ಕತ್ತರಿಸುವುದಂತೂ ಸಲ್ಲದು. ತುಂಡಾದ ತುದಿ ತನ್ನ ಆಸನದಿಂದ ಜಾರೀತು.

ಕಾರು ತಗ್ಗಿದೊಡನೆ ಚಕ್ರಗಳ ಕೋನಗಳೂ ಬದಲಾಗುತ್ತವೆ. ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು ಕ್ಯಾಂಬರ್. ಮುಂತುದಿ ಒಳಕ್ಕೋ ಹೊರಕ್ಕೋ ತಿರುಗುವುದು ಟೋ. ಹೊಸ ಟಯರನ್ನು ಬೇಗನೆ ತಿನ್ನುವುದು ಮುಖ್ಯವಾಗಿ ಟೋ ದೋಷವೇ. ಪೋಲೊದ ಮುಂಚಕ್ರಗಳ ಟೋವನ್ನು ಸುಲಭವಾಗಿ ಸರಿಪಡಿಸಬಹುದು. ಹಿಂಚಕ್ರಗಳೆರಡೂ ಒಂದೇ ತೊಲೆಗೆ ಜೋಡಣೆಯಾಗಿರುವುದರಿಂದ ಅಲ್ಲಿ ಆ ಅನುಕೂಲವಿಲ್ಲ. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಕೊನೆಯದಾಗಿ ಬಿಗಿಯಬೇಕು. ಒಡನೆ ಒಮ್ಮೆ, ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗ್ ಕುಳಿತ ಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಮುದ್ರಿತ ವರದಿಯನ್ನು ಕೇಳಿ ಪಡೆಯಬೇಕು. ಹೆಡ್‌ಲೈಟಿನ ದಿಕ್ಕನ್ನೂ ಪರೀಕ್ಷಿಸಬೇಕು.

ಇನ್ನು ಕಾನೂನು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ(4) ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಉಲ್ಲೇಖವಿಲ್ಲವೆಂಬ ವಾದಕ್ಕೆ ಎಡೆಯುಂಟು. ಆದರೆ ಆ ವಾದವನ್ನು ಅಪಘಾತದ ಬಳಿಕ ವಿಮಾ ಕಂಪೆನಿಯೆದುರು ಹೂಡುವುದಕ್ಕಿಂತ, ಮೊದಲೇ ಸಾರಿಗೆ ಕಚೇರಿಯಲ್ಲಿ ಬರಹದ ಮೂಲಕ ವಿಚಾರಿಸಿ, ವಿಮಾ ಕಂಪೆನಿಗೂ ತಿಳಿಸುವುದು ಲೇಸು.

ಸ್ಪ್ರಿಂಗನ್ನು ಆರಿಸುವವನು ಮಗನಾದರೂ, ಈ ಕಲಮು ಹಿಡಿಯುವುದು ವಾಹನದ ಮಾಲೀಕನನ್ನು.