ಲಾಭಾಂಶ ಕೊಡುವ ಶೇರುಗಳು: ಕೊಂಡರೆ ಸಾಲದು, ನೋಡಿಕೊಳ್ಳಬೇಕು

ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ - ಈ ಐದು ಬ್ಯಾಂಕುಗಳೂ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಹಾಗಾಗಿ ಬ್ಯಾಂಕ್ ಶೇರು, ಅದಕ್ಕೆ ಬರುವ ಲಾಭಾಂಶ (ಡಿವಿಡೆಂಡ್) ನಮ್ಮ ಕರಾವಳಿಯವರಿಗೆ ಹೊಸತಲ್ಲ. ನಿವೃತ್ತರಿಗೆ, ಒಂಟಿಯಾಗಿರುವ ಹಿರಿಯರಿಗೆ ಈ ಹಣ ಔಷಧಿಯ ಖರ್ಚಿಗಾದರೂ ಆಗುತ್ತದೆ. ಆದರೆ ಶೇರುಪತ್ರವನ್ನು ಕಪಾಟಿನಲ್ಲಿಟ್ಟು ಮರೆತರೆ ಲಾಭಾಂಶ ಮಾತ್ರವಲ್ಲ, ಶೇರೂ ಕೈಬಿಟ್ಟು ಹೋಗಬಹುದು. ಆದ್ದರಿಂದ ಕೆಲವು ವಿಷಯಗಳನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಶೇಕಡಾ ಲೆಕ್ಕ

ಕಂಪೆನಿಯೊಂದು ಶೇಕಡಾ 50 ಲಾಭಾಂಶ ಘೋಷಿಸಿದೆ ಎಂದರೆ ಅದು ಶೇರಿನ ಮುಖಬೆಲೆಯ ಮೇಲಿನ ಲೆಕ್ಕ. ಮುಖಬೆಲೆ 10 ರೂ. ಆಗಿದ್ದರೆ ಸಿಗುವುದು 5 ರೂ. ಆ ಶೇರನ್ನು ನಾವು 250 ರೂ. ಕೊಟ್ಟು ಕೊಂಡಿದ್ದರೆ ನಮ್ಮ ಹಣಕ್ಕೆ ಬಂದ ಆದಾಯ ಶೇಕಡಾ 2 ಮಾತ್ರ.

ಇದು ಬಡ್ಡಿಯಲ್ಲ

ಠೇವಣಿಗೆ ಬಡ್ಡಿ ಕೊಡಲು ಬ್ಯಾಂಕು ಬದ್ಧ. ಲಾಭಾಂಶಕ್ಕೆ ಅಂಥ ಭರವಸೆ ಇಲ್ಲ. ಕೊರೊನಾ ಕಾಲದಲ್ಲಿ, 2019-20ರ ಸಾಲಿನ ಲಾಭದಿಂದ ಲಾಭಾಂಶ ಹಂಚಬಾರದೆಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತ್ತು. ಬ್ಯಾಂಕ್ ಶೇರುಗಳನ್ನೇ ನಂಬಿದವರಿಗೆ ಆ ವರ್ಷ ಅಡಚಣೆಯಾಯಿತು. ಹಾಗಾಗಿ ಬೇರೆ ಬೇರೆ ಉದ್ಯಮಗಳ ಶೇರುಗಳಿರಲಿ. ತಿಂಗಳ ಖರ್ಚಿನ ಹಣ ಠೇವಣಿಯಲ್ಲೇ ಇರಲಿ.

ಆದಾಯದ ಪ್ರಮಾಣ ತುಂಬಾ ಹೆಚ್ಚು ಕಂಡರೂ ಎಚ್ಚರ ಬೇಕು. ಶೇರಿನ ಬೆಲೆ ಕುಸಿದಾಗಲೂ ಹಳೆಯ ಲಾಭಾಂಶದ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಕಂಪೆನಿ ಹಲವು ವರ್ಷಗಳಿಂದ ತಪ್ಪದೆ ಕೊಡುತ್ತಿದೆಯೇ, ಲಾಭದಿಂದಲೇ ಕೊಡುತ್ತಿದೆಯೇ ಎಂದು ನೋಡಬೇಕು. ಲಾಭಾಂಶದ ದಿನಾಂಕ ಹತ್ತಿರ ಬಂತೆಂದು ಅವಸರದಲ್ಲಿ ಕೊಂಡರೂ ಪ್ರಯೋಜನ ಕಡಿಮೆ. ಆ ದಿನ ಶೇರಿನ ಬೆಲೆ ಸಾಮಾನ್ಯವಾಗಿ ಅಷ್ಟೇ ಇಳಿಯುತ್ತದೆ.

ತೆರಿಗೆ

2020ರ ಏಪ್ರಿಲ್ 1ರಿಂದ ಲಾಭಾಂಶವನ್ನು ಶೇರುದಾರರ ಆದಾಯಕ್ಕೆ ಸೇರಿಸಿ ತೆರಿಗೆ ಲೆಕ್ಕ ಹಾಕಲಾಗುತ್ತದೆ. ಒಂದು ಕಂಪೆನಿಯಿಂದ ವರ್ಷಕ್ಕೆ 10,000 ರೂ. ಮೀರಿದರೆ ಮೂಲದಲ್ಲೇ ಶೇಕಡಾ 10 ತೆರಿಗೆ ಕಡಿತವಾಗುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5,000 ರೂ. ಇತ್ತು. ತೆರಿಗೆ ಬಾರದಷ್ಟು ಆದಾಯದವರು ಮೊದಲೇ ಘೋಷಣಾ ಪತ್ರ ಕೊಟ್ಟರೆ ಕಡಿತ ತಪ್ಪುತ್ತದೆ.

ಹಳೆಯ ಪತ್ರಗಳು

ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಆ ಹಣವೂ ಅದರ ಶೇರುಗಳೂ ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ವಿಳಾಸ ಬದಲಾದದ್ದು, ಬ್ಯಾಂಕ್ ಖಾತೆ ಮುಚ್ಚಿದ್ದು, ಮನೆಯ ಹಿರಿಯರು ತೀರಿಕೊಂಡದ್ದು - ಹೆಚ್ಚಾಗಿ ಕಾರಣ ಇವೇ. ಹೋದದ್ದನ್ನು ಅರ್ಜಿ ಹಾಕಿ ಮರಳಿ ಪಡೆಯಬಹುದು. ನಿಧಿಗೆ ಕೊಡುವ ಅರ್ಜಿಗೆ ಶುಲ್ಕವಿಲ್ಲ. ಆದರೆ ದಾಖಲೆಗಳ ಓಡಾಟ ಬಹಳ.

ವಿಲೀನವಾದ ಬ್ಯಾಂಕುಗಳ ಶೇರುಪತ್ರಗಳನ್ನು ರದ್ದಿಗೆ ಹಾಕಬೇಡಿ. 2019ರಲ್ಲಿ ವಿಜಯಾ ಬ್ಯಾಂಕಿನ 1,000 ಶೇರುಗಳಿಗೆ ಬ್ಯಾಂಕ್ ಆಫ್ ಬರೋಡಾದ 402 ಶೇರುಗಳನ್ನು ನಿಗದಿಪಡಿಸಲಾಗಿತ್ತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330, ಸಿಂಡಿಕೇಟ್ ಬ್ಯಾಂಕಿನ 1,000ಕ್ಕೆ ಕೆನರಾ ಬ್ಯಾಂಕಿನ 158 ಶೇರುಗಳು. ಹಳೆಯ ಪತ್ರ ಸಿಕ್ಕಿದರೆ ಅದರ ಫೋಲಿಯೋ ಸಂಖ್ಯೆಯೊಂದಿಗೆ ಈಗಿನ ಬ್ಯಾಂಕಿನ ಶೇರು ರಿಜಿಸ್ಟ್ರಾರರಲ್ಲಿ ವಿಚಾರಿಸಿ. ಕಾಗದ ರೂಪದ ಶೇರುಗಳಿಗೆ ಪಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಡದಿದ್ದರೆ 2024ರ ಏಪ್ರಿಲ್‌ನಿಂದ ಲಾಭಾಂಶ ತಡೆಹಿಡಿಯಲಾಗುತ್ತದೆ. ಡಿಮ್ಯಾಟ್ ಖಾತೆಗೆ ಬದಲಾಯಿಸುವುದೇ ಉತ್ತಮ.

ಇಷ್ಟು ಮಾಡೋಣ

ಒಂದು ಪುಸ್ತಕದಲ್ಲಿ ಕಂಪೆನಿಯ ಹೆಸರು, ಶೇರುಗಳ ಸಂಖ್ಯೆ, ಕೊಂಡ ಬೆಲೆ, ಲಾಭಾಂಶ ಬಂದ ದಿನ ಬರೆದಿಡೋಣ. ವರ್ಷಕ್ಕೊಮ್ಮೆ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡೋಣ. ನಾಮಿನಿಯ ಹೆಸರು ಕೊಡೋಣ. ಆ ಪುಸ್ತಕ ಎಲ್ಲಿದೆಯೆಂದು ಮನೆಯವರೊಬ್ಬರಿಗಾದರೂ ತಿಳಿದಿರಲಿ. ದುಡಿದು ಉಳಿಸಿದ ಹಣ ಮನೆಯವರ ಕೈ ಸೇರಲು ಇಷ್ಟು ಜಾಗ್ರತೆ ಬೇಕೇ ಬೇಕು.