ಅಂಗಿ ಬಿಚ್ಚದ ಹವಾಲ್ದಾರರು

ನಮ್ಮ ಓಪಿಡಿ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ರೋಗಿಗಳು ಎಂಟೂಕಾಲಿಗೇ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಕಂಡ ಬೂಟು, ಪ್ಲಾಸ್ಟಿಕ್ ಕವರಿನೊಳಗೆ ತಾರೀಖಿನ ಪ್ರಕಾರ ಜೋಡಿಸಿಟ್ಟ ಹಳೆಯ ಚೀಟಿಗಳು. ಹೆಸರು ಕೂಗಿದರೆ ಎಪ್ಪತ್ತೈದರ ಅಜ್ಜನೂ ಬೆನ್ನು ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಾರೆ. ಪುಣೆಯಲ್ಲಿ ಹೆಚ್ಚಾಗಿ ಮಾಜಿ ಸೈನಿಕರೇ ಬರುವ ಆಸ್ಪತ್ರೆಯೊಂದರಲ್ಲಿ ನಾನು ಚರ್ಮರೋಗ ವಿಭಾಗದ ಮುಖ್ಯಸ್ಥೆ. ಇಷ್ಟು ಶಿಸ್ತಿನ ರೋಗಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಷ್ಟು ಕಷ್ಟದ ರೋಗಿಗಳನ್ನೂ ಕಂಡಿಲ್ಲ.

ಕಷ್ಟ ಏನೆಂದರೆ, ಅವರಿಗೆ ಏನೂ ಆಗಿರುವುದಿಲ್ಲ. "ಸಬ್ ಠೀಕ್ ಹೈ, ಮೇಡಂ. ಬಸ್, ವೋ ಟ್ಯೂಬ್ ಲಿಖ್ ದೀಜಿಯೇ." ಇಪ್ಪತ್ತು ಇಪ್ಪತ್ತೈದು ವರ್ಷ ಸಿಕ್ ರಿಪೋರ್ಟ್ ಮಾಡುವುದೆಂದರೆ ಸೋಮಾರಿತನ ಎಂದು ಕಲಿತು ಬಂದವರು. ಜ್ವರ ಬಂದರೂ ಪರೇಡಿಗೆ ನಿಂತವರು. ಅಂಥವರು ಬೆನ್ನು ತುರಿಸುತ್ತದೆ ಎಂದು ಹೆಣ್ಣು ಡಾಕ್ಟರ ಎದುರು ಹೇಳುವುದುಂಟೇ? ಅಂಗಿ ಬಿಚ್ಚುವ ಮಾತಂತೂ ದೂರ. ತೋಳು ಮಡಚಿ ಮೊಣಕೈವರೆಗೆ ತೋರಿಸುತ್ತಾರೆ, ಅಲ್ಲಿಗೆ ತಪಾಸಣೆ ಮುಗಿಯಿತು ಎಂಬಂತೆ ನೋಡುತ್ತಾರೆ.

ಪುಣೆ ಫೌಜಿನ ಊರು. ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇಲ್ಲಿದೆ, ಸೇನಾ ವೈದ್ಯಕೀಯ ಕಾಲೇಜು ಇಲ್ಲಿದೆ, ಖಡಕಿಯ ದಂಡು ಪ್ರದೇಶ ಇದೆ. ಸೇವೆಯಲ್ಲಿದ್ದಾಗ ಬಂದು ಹೋದವರು ನಿವೃತ್ತಿಯಾದ ಮೇಲೆ ಇಲ್ಲೇ ಮನೆ ಮಾಡುತ್ತಾರೆ. ಅವರ ಚಿಕಿತ್ಸೆ ನಡೆಯುವುದು ಇಸಿಎಚ್‌ಎಸ್ ಎಂದು ಎಲ್ಲರೂ ಕರೆಯುವ ಯೋಜನೆಯಲ್ಲಿ. 2003ರಲ್ಲಿ ಶುರುವಾದ ಈ ಯೋಜನೆಯಿಂದ ಮಾಜಿ ಸೈನಿಕರಿಗೂ ಅವರನ್ನು ಅವಲಂಬಿಸಿದವರಿಗೂ ದೊಡ್ಡ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೊದಲು ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್ ಚೀಟಿ, ಆಮೇಲೆ ಆಸ್ಪತ್ರೆ. ನನ್ನ ಕೈಗೆ ಬರುವ ಚೀಟಿಯಲ್ಲಿ ಬಹಳ ಸಲ ಎರಡೇ ಪದ ಇರುತ್ತವೆ: ಸ್ಕಿನ್ ಪ್ರಾಬ್ಲಂ. ಉಳಿದದ್ದನ್ನು ನಾವೇ ಹುಡುಕಬೇಕು.

ವಿಭಾಗದ ಜವಾಬ್ದಾರಿ ವಹಿಸಿಕೊಂಡ ಮೇಲೆ ನಾನು ಮೊದಲು ಕೇಳಿದ್ದು ಲೇಸರ್ ಯಂತ್ರವನ್ನಲ್ಲ. ಕೋಣೆಗೆ ಒಂದು ದಪ್ಪ ಪರದೆ, ಒಳ್ಳೆಯ ದೀಪ ಮತ್ತು ಒಬ್ಬ ಗಂಡು ನರ್ಸಿಂಗ್ ಸಹಾಯಕ. ಜೊತೆಗೆ ಎರಡು ನಿಯಮ. ಒಂದು, ಹೆಂಡತಿ ಜೊತೆಗೆ ಬಂದಿದ್ದರೆ, ರೋಗಿ ಒಪ್ಪಿದರೆ, ಒಳಗೆ ಕರೆಯಬೇಕು. ಎರಡು, ಯಾವ ಕಾಯಿಲೆಗೇ ಬಂದಿರಲಿ, ಸಾಕ್ಸ್ ಬಿಚ್ಚದೆ ಯಾರೂ ಹೊರಗೆ ಹೋಗುವಂತಿಲ್ಲ. ಬೆರಳ ಸಂದಿಯ ಹುಣ್ಣು, ಸಕ್ಕರೆ ಕಾಯಿಲೆಯವರ ಸ್ಪರ್ಶ ಕಳೆದುಕೊಂಡ ಪಾದ, ಇವೆಲ್ಲ ಅಲ್ಲೇ ಅಡಗಿ ಕೂತಿರುತ್ತವೆ. ನಮ್ಮಂಥ ಕಂದು ಬಣ್ಣದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ, ಬಂದರೆ ಅಂಗಾಲು, ಉಗುರಿನ ಬುಡದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಬೂಟಿನೊಳಗಿನ ಕಪ್ಪು ಮಚ್ಚೆಯನ್ನು ಯಾರು ನೋಡುತ್ತಾರೆ? ಆಡಳಿತದವರಿಗೆ ಇದು ಹಿಡಿಸಲಿಲ್ಲ. ಬೂಟು ಬಿಚ್ಚಿ ಕಟ್ಟುವಷ್ಟರಲ್ಲಿ ಇನ್ನೊಬ್ಬ ರೋಗಿಯನ್ನು ನೋಡಬಹುದು ಎಂಬುದು ಅವರ ಲೆಕ್ಕ. ಬೆಂಚಿನ ಮೇಲೆ ಕೂತಾಗಲೇ ಬೂಟು ಬಿಚ್ಚಿಸುವುದೆಂದು ರಾಜಿಯಾಯಿತು. ಈಗ ನಮ್ಮ ವರಾಂಡ ದೇವಸ್ಥಾನದ ಬಾಗಿಲಿನ ಹಾಗೆ ಕಾಣುತ್ತದೆ.

ಹೆಂಡತಿಯನ್ನು ಒಳಗೆ ಕರೆಯುವ ನಿಯಮದ ಲಾಭ ಗೋಕಾಕ ಕಡೆಯ ನಿವೃತ್ತ ಸುಬೇದಾರರೊಬ್ಬರಿಂದ ನನ್ನ ಕಿರಿಯ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಾಯಿತು. ನಾನು ಧಾರವಾಡದವಳೆಂದು ಗೊತ್ತಾದ ಕೂಡಲೇ ಅವರ ಹಿಂದಿ ಬಿದ್ದುಹೋಯಿತು. "ಏನಿಲ್ರೀ ಡಾಕ್ಟರ್ ಬಾಯಾರ, ಒಂದೀಟು ತಿಂಡಿ ಐತಿ ಅಷ್ಟ." ಬೆಂಗಳೂರಿನ ಓದುಗರು ಇಡ್ಲಿ, ವಡೆ ಎಂದುಕೊಳ್ಳಬೇಡಿ, ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಅವರ ಹೆಂಡತಿ ಸುಮ್ಮನಿರಲಿಲ್ಲ. "ಸುಳ್ಳ ಹೇಳ್ತಾರ್ರೀ ಬಾಯಾರ. ರಾತ್ರಿ ಎಲ್ಲಾ ಕೆರಕೊಂತ ಕುಂದರ್ತಾರ. ಹಾಸಿಗಿ ಮ್ಯಾಲಿನ ರಕ್ತದ ಕಲೆ ತೊಳಿಯಾಕಿ ನಾನ್ರೀ." ನಾಲ್ಕು ತಿಂಗಳಿಂದ ನಡೆದಿತ್ತು. ತೊಡೆಯ ಒಳಭಾಗದಲ್ಲಿ ಬಿಗಿಯಾದ ಎರಡು ನೀರುಗುಳ್ಳೆ ಆಗಷ್ಟೇ ಎದ್ದಿದ್ದವು. ವಯಸ್ಸಾದವರಿಗೆ ಬರುವ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಕಾಯಿಲೆ ಅದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಪದರಗಳ ನಡುವಿನ ಬೆಸುಗೆಯ ಮೇಲೆ ತಿರುಗಿ ಬೀಳುತ್ತದೆ. ಗುಳ್ಳೆ ಏಳುವ ಮೊದಲು ತಿಂಗಳುಗಟ್ಟಲೆ ಬರೀ ತುರಿಕೆ ಇರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಪ್ಟಿನ್ ಗುಂಪಿನ ಮಾತ್ರೆಗಳಿಗೂ ಇದಕ್ಕೂ ನಂಟಿದೆ ಎಂಬುದು ಈಗ ಗೊತ್ತಿರುವ ವಿಚಾರ. ಸುಬೇದಾರರು ಅದನ್ನೇ ನುಂಗುತ್ತಿದ್ದರು. ಬಯಾಪ್ಸಿ ಮಾಡಿಸಿ, ಫಿಸಿಶಿಯನ್ ಜೊತೆ ಮಾತಾಡಿ ಆ ಮಾತ್ರೆ ಬದಲಿಸಿ, ಚಿಕಿತ್ಸೆ ಶುರು ಮಾಡಿದೆವು. ಈಗ ಹಾಸಿಗೆ ಸ್ವಚ್ಛ ಇದೆಯಂತೆ. ಹೇಳಿದ್ದು ಅವರಲ್ಲ, ಅವರಾಕೆ.

ದಿನಕ್ಕೆ ಅತಿ ಹೆಚ್ಚು ನೋಡುವುದು ಮಾತ್ರ ಗಜಕರ್ಣ. ಮರಾಠಿಯಲ್ಲೂ ಅದೇ ಹೆಸರು, ಭಾಷೆಯ ತೊಡಕಿಲ್ಲ. ಪಿಂಚಣಿ ಸಾಲದೆ ಸೆಕ್ಯುರಿಟಿ ಕೆಲಸಕ್ಕೆ ಸೇರಿದವರಿಗೆ ಇದು ತಪ್ಪಿದ್ದಲ್ಲ. ಹನ್ನೆರಡು ಗಂಟೆ ಡ್ಯೂಟಿ, ಪಾಲಿಯೆಸ್ಟರ್ ಯೂನಿಫಾರ್ಮು, ಬಿಗಿ ಬೆಲ್ಟು, ಮಳೆಗಾಲದಲ್ಲಿ ಒಣಗದ ಒಳಉಡುಪು. ಮೆಡಿಕಲ್ ಶಾಪಿನವನು ಕೊಡುವ ಟ್ಯೂಬಿನಲ್ಲಿ ಫಂಗಸ್ ಔಷಧದ ಜೊತೆ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಡಾಕ್ಟರ ಚೀಟಿ ಇಲ್ಲದೆ ಇಂಥ ಸ್ಟೆರಾಯ್ಡ್ ಮುಲಾಮು ಮಾರಬಾರದೆಂದು 2018ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಿತು. ಅಂಗಡಿಗೆ ಹೋಗಿ ಕೇಳಿ ನೋಡಿ, ನಿಯಮ ಎಷ್ಟು ಬಿಗಿ ಎಂದು ತಿಳಿಯುತ್ತದೆ. ಹಳೆಯ ಔಷಧಕ್ಕೆ ಬಗ್ಗದ ಒಂದು ಫಂಗಸ್ಸಿಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಇಂಥದ್ದಕ್ಕೂ ಅಂಟಿಕೊಂಡಿತಲ್ಲ ಎಂದು ಬೇಸರವಾಗುತ್ತದೆ.

ಸರ್ಪಸುತ್ತಿನ ಕತೆಯೇ ಬೇರೆ. ಇಲ್ಲಿ ಅದಕ್ಕೆ ನಾಗಿಣ್ ಎನ್ನುತ್ತಾರೆ. ಹಾವಿನ ತಲೆಗೂ ಬಾಲಕ್ಕೂ ಕೂಡಿದರೆ ಜೀವ ಹೋಗುತ್ತದೆಂಬ ಹೆದರಿಕೆ ಎರಡೂ ಕಡೆ ಒಂದೇ. ಗುಂಡಿಗೆ ಹೆದರದವರು ಇದಕ್ಕೆ ಹೆದರಿ ಮೊದಲು ಮಂತ್ರ ಹಾಕಿಸಲು ಹೋಗುತ್ತಾರೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಒಳ್ಳೆಯದು. ವಯಸ್ಸಾದವರಲ್ಲಿ ಗಾಯ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿ ಕಾಡಬಹುದು. ಊರಲ್ಲಿರುವ ನಿಮ್ಮ ಅಪ್ಪ, ಅಮ್ಮನಿಗೆ ಫೋನಿನಲ್ಲಿ ಇದೊಂದು ಹೇಳಿಡಿ.

ಸಿಯಾಚಿನ್ ಎಂದರೆ ಕನ್ನಡಿಗರಿಗೆ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರವರಿಯಲ್ಲಿ ಹಿಮದಡಿ ಆರು ದಿನ ಬದುಕಿದ್ದು ಕೊನೆಗೆ ದೆಹಲಿಯಲ್ಲಿ ತೀರಿಕೊಂಡವರು. ಅಲ್ಲಿಂದ ಬದುಕಿ ಬಂದವರು ನನ್ನ ಓಪಿಡಿಗೆ ಬರುತ್ತಾರೆ. ಹಿಮಕಡಿತಕ್ಕೆ ಬೆರಳ ತುದಿ ಕಳೆದುಕೊಂಡವರು ಮಾತ್ರವಲ್ಲ, ಬೆರಳೆಲ್ಲ ನೆಟ್ಟಗಿದ್ದೂ ಪುಣೆಯ ಡಿಸೆಂಬರಿಗೇ ಕೈ ನೀಲಿಗಟ್ಟುವವರು, ಅಂಗೈ ಬೆವೆತು ಪೆನ್ನು ಹಿಡಿಯಲಾಗದವರು. ಒಮ್ಮೆ ಹೆಪ್ಪುಗಟ್ಟಿದ ನರ, ರಕ್ತನಾಳಗಳು ಆ ಚಳಿಯನ್ನು ಎಷ್ಟೋ ವರ್ಷ ಮರೆಯುವುದಿಲ್ಲ. ಇದು ವಯಸ್ಸಿನ ಕಾರಣಕ್ಕೆ ಎಂದುಕೊಂಡು ಸುಮ್ಮನಿರುತ್ತಾರೆ. ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು ಎಂದು ನಾವೇ ಕೇಳಬೇಕು. ಕೇಳಿದರೆ ಸಾಕು, ಅರ್ಧ ಗಂಟೆ ಅಲ್ಲೇ ಹೋಯಿತು!

ಪರದೆಗಾಗಿ ನಾನು ಯಾಕೆ ಅಷ್ಟು ಜಗಳವಾಡಿದೆ ಎಂದು ಕೇಳಿದವರಿಗೆ ಒಬ್ಬ ಹವಾಲ್ದಾರರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ. ಐವತ್ತು ದಾಟಿದವರು, ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಬಂದದ್ದು ಗಜಕರ್ಣದ ಟ್ಯೂಬಿಗೆ. ಬಲಗೈ ಕಿರುಬೆರಳಿನಲ್ಲಿ ಸುಟ್ಟ ಗಾಯವಿತ್ತು. ಹೇಗಾಯಿತೆಂದರೆ ನಕ್ಕರು. ಕಾದ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುತ್ತಾರಂತೆ. ಗೇಟಿನ ಹುಡುಗರು ನೋಡಿ, "ಫೌಜಿ ಆದ್ಮೀ ಹೈ" ಎಂದು ಹೊಗಳುತ್ತಾರಂತೆ.

ಪರದೆ ಎಳೆಸಿ ಅಂಗಿ ಬಿಚ್ಚಿಸಿದೆ. ಬೆನ್ನ ಮೇಲೆ ನಾಲ್ಕಾರು ಕಡೆ ತುಸು ಬಿಳಿಚಿದ, ಬೆವರದ ಮಚ್ಚೆಗಳು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರೆ ಮಚ್ಚೆಯ ಹೊರಗೆ ಗೊತ್ತಾಗುತ್ತಿತ್ತು, ಒಳಗೆ ಗೊತ್ತಾಗುತ್ತಿರಲಿಲ್ಲ. ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪವಾಗಿತ್ತು. ಕಿರುಬೆರಳು ಒಳಕ್ಕೆ ಬಾಗಲು ಶುರುವಾಗಿತ್ತು. ಚರ್ಮದ ಸ್ಲಿಟ್ ಪರೀಕ್ಷೆಯಲ್ಲೂ ಬ್ಯಾಕ್ಟೀರಿಯಾ ಕಂಡಿತು. ಕುಷ್ಠರೋಗ.

ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು ಭಾರತ 2005ರಲ್ಲೇ ಮುಟ್ಟಿತು. ಅದನ್ನು 'ನಿರ್ಮೂಲನೆ' ಎಂದು ಕರೆದದ್ದರಿಂದ ಕಾಯಿಲೆಯೇ ಹೋಯಿತೆಂದು ಜನ ತಿಳಿದರು, ಎಷ್ಟೋ ಡಾಕ್ಟರರೂ ತಿಳಿದರು. ರೋಗಾಣು ಮೈಸೇರಿ ಲಕ್ಷಣ ಕಾಣಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಇಪ್ಪತ್ತು ವರ್ಷವೂ ಆಗಬಹುದು. ಎಲ್ಲಿ, ಯಾರಿಂದ ಬಂತೆಂದು ಹುಡುಕುವುದು ವ್ಯರ್ಥ.

ನಾನು ಲೆಪ್ರಸಿ ಎಂದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಮ್ಹಣಜೆ ಮಹಾರೋಗ?" ಎಂದು ಕೇಳಿದರು. ಹೌದೆಂದೆ. ಎದ್ದು ಅಂಗಿ ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ ಮುಗಿಸಿ, ಮತ್ತೆ ಕೂತರು. ಅವರು ಕೇಳಿದ್ದು ಮೂರೇ ಪ್ರಶ್ನೆ. ಸೊಸೈಟಿಯವರಿಗೆ ಗೊತ್ತಾಗುತ್ತದೆಯೇ? ಮಗಳ ಮದುವೆ ಗೊತ್ತಾಗಿದೆ, ಏನು ಮಾಡಲಿ? ಹೆಂಡತಿ ಬಿಟ್ಟು ಹೋಗಬಹುದೇ?

ಮೂರನೆಯದಕ್ಕೆ ನನ್ನ ಬಳಿ ಕಾನೂನಿನ ಉತ್ತರ ಮಾತ್ರ ಇತ್ತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ತೋರಿಸಬಹುದೆಂಬ ಮಾತು ನಮ್ಮ ವಿವಾಹ ಕಾನೂನುಗಳಲ್ಲಿ 2019ರವರೆಗೂ ಇತ್ತು! ಆ ವರ್ಷದ ತಿದ್ದುಪಡಿಯಲ್ಲಿ ತೆಗೆದರು. ಉಳಿದದ್ದನ್ನು ಬಿಡಿಸಿ ಹೇಳಿದೆ. ಒಂದು ವರ್ಷ ಮೂರು ಔಷಧ, ಸರ್ಕಾರದಿಂದ ಉಚಿತ. ಔಷಧ ಶುರುವಾದ ಸ್ವಲ್ಪ ಕಾಲದಲ್ಲೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಕೆಲಸ ಬಿಡಬೇಕಾಗಿಲ್ಲ, ಬೇರೆ ತಟ್ಟೆ ಬೇಕಾಗಿಲ್ಲ, ಮದುವೆ ಮುಂದೂಡಬೇಕಾಗಿಲ್ಲ. ಮನೆಯವರನ್ನು ಒಮ್ಮೆ ಕರೆತಂದರೆ ಅವರ ಚರ್ಮವನ್ನೂ ನೋಡಿ, ಮುನ್ನೆಚ್ಚರಿಕೆಗೆ ಒಂದೇ ಡೋಸ್ ಮಾತ್ರೆ ಕೊಡಿಸಬಹುದು.

ಮರುವಾರ ಹೆಂಡತಿಯನ್ನು ಕರೆತಂದರು. ಆಕೆ ನನ್ನನ್ನು ಕೇಳಿದ್ದು ಬೇರೆ ಪ್ರಶ್ನೆ. ಇಷ್ಟು ವರ್ಷ ಇವರ ಕೈ ಸುಡುತ್ತಿದ್ದರೂ ಯಾಕೆ ಯಾರೂ ನೋಡಲಿಲ್ಲ? ಆ ಪ್ಲಾಸ್ಟಿಕ್ ಕವರಿನಲ್ಲಿ ಮೂರು ವರ್ಷದ ಚೀಟಿಗಳಿದ್ದವು, ಎಲ್ಲದರಲ್ಲೂ ಒಂದೇ ಟ್ಯೂಬು.

ಮೂರರಲ್ಲಿ ಕ್ಲೊಫಾಜಿಮಿನ್ ಎಂಬ ಔಷಧ ಚರ್ಮವನ್ನು ಕಪ್ಪಾಗಿಸುತ್ತದೆ. ಜನ ಕೇಳಿದಾಗ ಬಿಸಿಲಲ್ಲಿ ಗೇಟು ಕಾಯುವವನು ಇನ್ನೇನಾಗುತ್ತಾನೆ ಎಂದು ಅವರೇ ಉತ್ತರ ಕಂಡುಕೊಂಡರು. ನಡುವೆ ನರ ಊದಿಕೊಂಡು ಸ್ಟೆರಾಯ್ಡ್ ಕೊಡಬೇಕಾಯಿತು. ವರ್ಷ ಮುಗಿದಿದೆ, ಮಗಳ ಮದುವೆಯೂ ಆಗಿದೆ. ಬೆರಳು ಬಾಗುವುದು ನಿಂತಿದೆ. ಸ್ಪರ್ಶ ಮಾತ್ರ ಮರಳಿಲ್ಲ. ಚಹಾದ ಪಾತ್ರೆಗೆ ಈಗ ಇಕ್ಕಳ ಬಳಸುತ್ತಾರೆ, ಹುಡುಗರು ಹೊಗಳುವುದನ್ನು ಬಿಟ್ಟಿದ್ದಾರೆ.

ಇಷ್ಟು ದೊಡ್ಡ ಕಾಯಿಲೆಗಳಿಗೆ ದಾರಿ ಸಿಗುತ್ತದೆ. ಸಿಗದಿರುವುದು ಸಣ್ಣದಕ್ಕೆ. ಎಪ್ಪತ್ತು ದಾಟಿದವರ ಚರ್ಮದಲ್ಲಿ ಎಣ್ಣೆಯಂಶ ಕಡಿಮೆ. ಇವರೋ ಚಳಿಗಾಲದಲ್ಲಿ ಕುದಿಯುವ ನೀರು, ಕೆಂಪು ಸೋಪು, ಒರಟು ಟವೆಲಿನಲ್ಲಿ ಬೆಳಗಿನ ಐದಕ್ಕೆ ಸ್ನಾನ ಮಾಡುವವರು. ಮೈ ಬಿರಿದು, ತುರಿಸಿ, ಗಾಯವಾಗಿ, ಕೀವಾಗಿ ಅಡ್ಮಿಟ್ ಆಗುತ್ತಾರೆ. ಆಗ ಕೊಡುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿಗೆ ತಕರಾರಿಲ್ಲ. ಅದಕ್ಕೆ ಮೊದಲು ಹಚ್ಚಬೇಕಾದ ಮಾಯಿಶ್ಚರೈಸರ್ ಮಾತ್ರ ಸೌಂದರ್ಯವರ್ಧಕವಂತೆ, ಔಷಧದ ಪಟ್ಟಿಗೆ ಬಾರದಂತೆ. ಕೈಯಿಂದ ಕೊಂಡುಕೊಳ್ಳಿ ಎಂದರೆ, "ಈ ವಯಸ್ಸಿಗೆ ಕ್ರೀಮಾ?" ಎಂದು ನಾಚುತ್ತಾರೆ. ಸ್ನಾನವಾಗಿ ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ ಎಂದು ಸದ್ಯಕ್ಕೆ ಬರೆದುಕೊಡುತ್ತೇನೆ. ಚೀಟಿಯಲ್ಲಿ ಡಾಕ್ಟರು ಬರೆದದ್ದೆಂದರೆ ಆದೇಶದಂತೆ ಪಾಲಿಸುತ್ತಾರೆ.

ಮಾಯಿಶ್ಚರೈಸರನ್ನು ಪಟ್ಟಿಗೆ ಸೇರಿಸಿ ಎಂದು ಬರೆದ ನನ್ನ ಅರ್ಜಿ ಎರಡು ಸಲ ವಾಪಸ್ ಬಂದಿದೆ. ಕಳೆದ ವಾರ ಮೂರನೆಯ ಸಲ ಕಳಿಸಿದೆ. ಈ ಸಲ ಬಿರಿದು ರಕ್ತ ಒಸರುವ ಒಂದು ಜೊತೆ ಕಾಲಿನ ಫೋಟೊ ಲಗತ್ತಿಸಿದ್ದೇನೆ. ಕಾಲು ನಿವೃತ್ತ ಸುಬೇದಾರ್ ಮೇಜರ್ ಒಬ್ಬರದು. ಅವರು ಒಪ್ಪಿ ಸಹಿ ಹಾಕಿದ್ದಾರೆ, ಫೋಟೊ ತೆಗೆದದ್ದು ಅವರ ಹೆಂಡತಿ.